ದೇವಕ್ಕ ಒಡೆದ ಒಡ್ಡು

ಮೂರನೆಯ ಸಲವೂ ಒಡ್ಡು ಒಡೆದಿತ್ತು. ಒಡೆದವಳು ಓಡಿಹೋಗದೆ, ಸಲಿಕೆ ಊರಿಕೊಂಡು ಅಲ್ಲೇ ನಿಂತಿದ್ದಳು.

ಮೊರಬದ ಹೊಲಗಳಲ್ಲಿ ಸರಕಾರಿ ಒಡ್ಡು ಹಾಕಿಸುವ ಕೆಲಸ ಗುಡಗೇರಿಯ ಶಿದ್ಲಿಂಗಪ್ಪನದು. ಸೈಕಲ್ ಇಳಿದವನೇ ಕೂಗಿದ.

"ದೇವಕ್ಕಾರ, ಇದು ಸರಕಾರದ ಒಡ್ಡು!"

"ಹೊಲ ಯಾರದ್ರಿ ಸಾಹೇಬ್ರ?"

"ನಿಮ್ಮದ. ಒಡ್ಡಿಲ್ಲಂದ್ರ ಮಣ್ಣೆಲ್ಲಾ ಹರಕೊಂಡು ಹೊಕ್ಕೈತಿ."

"ಒಡ್ಡಿದ್ರ ನೀರು ನಿಂತು ಹೆಸರಿನ ಬೆಳಿ ಕೊಳೀತೈತಿ. ಆಮ್ಯಾಲೆ ನಿಮ್ಮ ನಕಾಶಿ ತಿನ್ನೂಣೇನು?"

ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವಳ ಕೆನ್ನೆಗೆ ಮೆತ್ತಿದ ಎರೆಮಣ್ಣು ಕಂಡು ಮರೆತೇಹೋಯಿತು. ಅದಕ್ಕೆ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಜಾಲಿ ನೆರಳಲ್ಲಿ ಕೂತಿದ್ದ ಅವಳಪ್ಪ ಬೀರಲಿಂಗಪ್ಪ ನಕ್ಕ. "ಇಕಿ ಜೋಡಿ ನಾನೂ ಗೆದ್ದಿಲ್ರಿ ಸಾಹೇಬ್ರ."

ಶಿದ್ಲಿಂಗಪ್ಪ ಹಟ ಹಿಡಿದು ಒಡ್ಡಿನ ಒಡಕು ಮುಚ್ಚಿಸಿದ. ವಾರದೊಳಗೆ ಪುಷ್ಯ ಮಳೆ ಹೊಡೆಯಿತು. ಒಡ್ಡು ಕಾಯಲೆಂದು ಅವನು ಓಡಿ ಬಂದರೆ, ದೇವಕ್ಕ ಸಲಿಕೆ ಹಿಡಿದು ಮೊದಲೇ ನಿಂತಿದ್ದಳು. ಹೂಬಿಟ್ಟ ಹೆಸರು ಕುತ್ತಿಗೆಮಟ ಮುಳುಗಿತ್ತು. ಈ ಸಲ ಅವಳು ಅಗೆಯಲಿಲ್ಲ. ಅವನನ್ನು ಸುಮ್ಮನೆ ನೋಡಿದಳು.

ಆ ನೋಟ ತಡೆಯಲಾಗದೆ ಸಲಿಕೆ ಕಸಿದುಕೊಂಡು ಅವನೇ ಒಡ್ಡು ಕಡಿದ.

ನೀರು ಭೋರೆಂದು ನುಗ್ಗಿತು. ಜೊತೆಗೆ ಹೊಲದ ಕರಿಮಣ್ಣೂ ಹರಿದು ಕೆಳಗಿನ ಕೆರೆಗೆ ಇಳಿಯಿತು. ಊರಿನ ಬಾವಿಗಳ ನೀರೆಲ್ಲ ಸವಳು, ಬರೀ ಉಪ್ಪು. ಕುಡಿಯಲು ಇದ್ದದ್ದು ಅದೊಂದೇ ಕೆರೆ.

ದೇವಕ್ಕನ ಮುಖ ಇಳಿಯಿತು. "ನಮ್ಮ ಹೊಲಾನ ನಾವು ಕುಡಿಯಾಕತ್ತೀವೇನ್ರಿ?"

"ಅದನ್ನ ವರ್ಷಗಟ್ಟಲೆ ಬಡಕೊಂಡ್ನೆಲ್ರಿ!"

"ವರ್ಷ ಎಲ್ಲಿ ಆತು? ನೀವು ಬಂದು ಎಂಟು ತಿಂಗಳು, ಹನ್ನೊಂದು ದಿನ."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಮಳೆಯಲ್ಲಿ ತೊಯ್ಯುತ್ತ ಇಬ್ಬರೂ ಕೆರೆಯ ಕಡೆ ನೋಡುತ್ತ ನಿಂತರು.

ಕೊನೆಗೆ ಅವಳೇ ಕೇಳಿದಳು. "ಒಡ್ಡಿನಾಗ ಕಲ್ಲಿನ ಗಂಡಿ ಕಟ್ಟಿದ್ರ? ಮಣ್ಣು ನಿಲ್ಲಲಿ, ಹೆಚ್ಚಿನ ನೀರು ಹೋಗಲಿ."

ಮಾತು ಸರಿಯಿತ್ತು. ಅದು ತನಗೆ ಹೊಳೆಯಲಿಲ್ಲವೆಂದು ಅವನಿಗೆ ಹೊಟ್ಟೆ ಉರಿಯಿತು. ಮೇಲಿನ ಆಫೀಸಿಗೆ ಮೂರು ಸಲ ಅಲೆದ. ನಕಾಶೆಯಲ್ಲಿ ಕಲ್ಲಿಲ್ಲ ಎಂದರು. ನಾಲ್ಕನೆಯ ಸಲ ಹೋಗಲಿಲ್ಲ. ಬೀರಲಿಂಗಪ್ಪನ ಎತ್ತಿನ ಚಕ್ಕಡಿ ಹೂಡಿದ. ಐದು ದಿನ ಮೂವರೂ ಕಲ್ಲು ಹೊತ್ತರು. ಕಲ್ಲು ಕಲ್ಲಿಗೂ ಅವನಿಗೂ ದೇವಕ್ಕನಿಗೂ ಜಗಳ.

ಮಘೆ ಮಳೆಯ ಮರುದಿನ ಇಬ್ಬರೂ ಗಂಡಿಯ ಹತ್ತಿರ ನಿಂತಿದ್ದರು. ಮಣ್ಣು ಒಡ್ಡಿನೊಳಗೆ ತಂಗಿತ್ತು. ನೀರು ಕಲ್ಲಿನ ಮೇಲಿಂದ ತಿಳಿಯಾಗಿ ಜಾರುತ್ತಿತ್ತು.

"ನನಗ ಕಲಘಟಗಿಗೆ ವರ್ಗ ಆಗೈತಿ," ಅಂದ ಶಿದ್ಲಿಂಗಪ್ಪ. "ಆ ಕಡೆ ಒಡ್ಡು ಬ್ಯಾರೆ ನಮೂನಿ..."

"ಒಡ್ಡು ಬಿಟ್ಟು ಬ್ಯಾರೆ ಮಾತ ಬರೂದಿಲ್ಲೇನ್ರಿ ನಿಮಗ?"

"ಬರ್ತೈತಿ. ಹೇಳಾಕ ಹೋದ್ರ ನೀವು ನಡುವ ಬಾಯಿ ಹಾಕ್ತೀರಿ!"

"ಹಾಕೂದಿಲ್ಲ. ಹೇಳ್ರಿ."

ಅವನು ಒಮ್ಮೆ ಆಕಾಶ ನೋಡಿದ, ಒಮ್ಮೆ ತನ್ನ ಕೆಸರುಗಾಲು ನೋಡಿದ.

"ನನ್ನ ಲಗ್ನ ಆಗ್ತೀಯೇನ, ದೇವಕ್ಕ?"

ಅವಳು ಮಾತಾಡಲಿಲ್ಲ. ಇನ್ನೂ ಮಾತಾಡಲಿಲ್ಲ.

"ಏನರ ಅನ್ನು ಮಾರಾಯ್ತಿ!"

"ಬಾಯಿ ಹಾಕಬ್ಯಾಡ ಅಂದವ್ರು ಯಾರು?" ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಅಪ್ಪನ್ನ ಕೇಳ್ರಿ. ನಾ ಹೂಂ ಅಂದೀನಿ ಅಂತನೂ ಹೇಳ್ರಿ."

"ಅವರು ನಂಬ್ತಾರೇನು?"

"ನಂಬೂದಿಲ್ಲ. ತಡೀರಿ, ನಾನೂ ಬರ್ತೀನಿ."