ಐದಡಿ ಪೈಪು, ಮೂರಡಿ ಪೆಟ್ಟಿಗೆ

ಪೆಟ್ಟಿಗೆ ಕಾರ್ಖಾನೆಯ ಮೇಸ್ತ್ರಿ ಮರದ ಹೊಟ್ಟಿನ ಮೇಲೆ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಮಧ್ಯಾಹ್ನ ಅಪ್ಪನನ್ನು ಹುಡುಕಿಕೊಂಡು ಬಂದ ಮಗಳೇ ಮೊದಲು ಕಂಡದ್ದು.

ಮಹಿಳಾ ಇನ್ಸ್‌ಪೆಕ್ಟರ್ ಸುತ್ತ ಕಣ್ಣಾಡಿಸಿದಳು. ಗೋಡೆಯ ಸ್ಟ್ಯಾಂಡಿನಲ್ಲಿ ಐದಡಿ ಉದ್ದದ ಕಬ್ಬಿಣದ ಪೈಪುಗಳು. ಆರು ಇರಬೇಕಿತ್ತು, ಐದಿದ್ದವು. ಗಾಯದ ಅಗಲ ಪೈಪಿಗೆ ತಾಳೆಯಾಯಿತು. ಶೆಡ್ಡನ್ನೆಲ್ಲ ಜಾಲಾಡಿದರೂ ಆರನೆಯದು ಸಿಗಲಿಲ್ಲ.

ಹೊರಗೆ ಹೋಗಲು ಇದ್ದದ್ದು ಒಂದೇ ಗೇಟು.

"ಪೈಪು ಗೈಪು ಏನೂ ಹೋಗಿಲ್ಲ ಮೇಡಂ," ಎಂದ ಮುದಿ ಕಾವಲುಗಾರ. "ಹೋಗಿದ್ದು ಒಂದೇ ಪೆಟ್ಟಿಗೆ, ಹೊರದೇಶಕ್ಕೆ ಕಳಿಸೋ ಉಣ್ಣೆ ನೂಲಿಂದು. ಮೇಸ್ತ್ರಿ ಅಳಿಯಂದ್ರು ಗೋದಾಮಿಗೆ ಬಿಟ್ಟು ಬಂದ್ರು."

ಅಳಿಯ ಅಲ್ಲೇ ಪ್ಯಾಕಿಂಗ್ ಕೆಲಸದವನು. ಅತ್ತು ಅತ್ತು ಕಣ್ಣು ಕೆಂಪಗಾಗಿದ್ದವು.

"ಅದು ಮೂರಡಿ ಪೆಟ್ಟಿಗೆ ಮೇಡಂ. ಉದ್ದ, ಅಗಲ, ಎತ್ತರ ಎಲ್ಲಾ ಮೂರೇ. ಅಷ್ಟುದ್ದದ ಪೈಪು ಹೇಗೆ ಹಿಡಿಸುತ್ತೆ? ಈ ಮುದುಕನ್ನೇ ಸರಿಯಾಗಿ ಕೇಳಿ. ನಿನ್ನೆ ತಾನೇ ಮಾವನ ಜೊತೆ ಜಗಳ ಆಡಿದ್ದ."

ಪೇದೆ ಅಂಥದೇ ಖಾಲಿ ಪೆಟ್ಟಿಗೆಯ ತಳಕ್ಕೆ ಟೇಪು ಹಿಡಿದ. ಓರೆಯಾಗಿ ಅಳೆದರೂ ನಾಲ್ಕೂಕಾಲು ಅಡಿ. ಕಾವಲುಗಾರನನ್ನು ಜೀಪು ಹತ್ತಿಸಿದರು.

* * *

ಇನ್ಸ್‌ಪೆಕ್ಟರ್ ಮಗಳ ಪಕ್ಕ ಕುಳಿತಳು. ಹುಡುಗಿ ಕಣ್ಣೊರೆಸಲು ಕೈಯೆತ್ತಿದಾಗ ತೋಳಿನ ಮೇಲೆ ಬಾಸುಂಡೆ ಕಂಡಿತು.

"ಯಾರಮ್ಮ ಹೊಡೆದಿದ್ದು?"

ಅವಳು ಸೆರಗನ್ನು ತೋಳಿನ ಮೇಲೆ ಎಳೆದುಕೊಂಡಳು.

"ನಿನ್ನೆ ಅಪ್ಪಂಗೆ ಹೇಳ್ಬಿಟ್ಟೆ. ಇನ್ಮೇಲೆ ನಿನ್ನ ಗಂಡನ ಮನೆಗೆ ಕಳಿಸಲ್ಲ, ನಾಳೆ ಅವನಿಗೇ ಮುಖಕ್ಕೆ ಹೇಳ್ತೀನಿ ಅಂದ್ರು."

ಇನ್ಸ್‌ಪೆಕ್ಟರ್ ಎದ್ದು ಖಾಲಿ ಪೆಟ್ಟಿಗೆಯ ಬಳಿ ಹೋದಳು. ಟೇಪಿನ ತುದಿಯನ್ನು ತಳದ ಒಂದು ಮೂಲೆಗೆ ಒತ್ತಿದಳು. ಅಲ್ಲಿಂದ ಎದುರಿನ ಮೇಲ್ಮೂಲೆಗೆ ಎಳೆದಳು.

ಐದಡಿ ಎರಡಿಂಚು.

* * *

ಕೂಡಲೇ ಗೋದಾಮಿಗೆ ಹೋಗಿ, ಮರುದಿನ ಹಡಗು ಹತ್ತಬೇಕಿದ್ದ ಪೆಟ್ಟಿಗೆಯ ಮೊಳೆಗಳನ್ನು ಅಳಿಯನ ಎದುರೇ ಕೀಳಿಸಿದಳು. ಉಣ್ಣೆ ನೂಲನ್ನು ಸರಿಸಿದಾಗ ಪೈಪು ಕಂಡಿತು. ಕೆಳಮೂಲೆಯಿಂದ ಮೇಲ್ಮೂಲೆಗೆ ಓರೆಯಾಗಿ ಒರಗಿತ್ತು. ತುದಿಯಲ್ಲಿ ರಕ್ತ, ನಾಲ್ಕು ನರೆಗೂದಲು.

"ಮೂರೂ ಕಡೆ ಸಮ ಇರೋ ಪೆಟ್ಟಿಗೇಲಿ ಅತಿ ಉದ್ದದ ಅಳತೆ ತಳದಲ್ಲಿರಲ್ಲ. ಹೊಟ್ಟೆ ಸೀಳಿಕೊಂಡು ಹೋಗುತ್ತೆ. ನಮ್ಮ ಪೇದೆಗೆ ಹೊಳೀಲಿಲ್ಲ. ದಿನಾ ಪ್ಯಾಕ್ ಮಾಡೋ ನಿನಗೆ ಗೊತ್ತಿತ್ತು. ಇದಕ್ಕೆ ಮೊಳೆ ಹೊಡೆದೋನೂ ನೀನೇ."

ಅಳಿಯ ಪೈಪಿನಿಂದ ಮುಖ ತಿರುಗಿಸಿದ. "ನನ್ನ ಹೆಂಡ್ತಿ ಮೇಡಂ ಅವಳು. ಕರ್ಕೊಂಡು ಹೋಗೋಕೆ ಇವನ್ಯಾರು?"

* * *

ಕಾವಲುಗಾರನನ್ನು ಅಂದು ಸಂಜೆಯೇ ಬಿಟ್ಟರು. ಮಗಳು ಶವಾಗಾರದ ಬೆಂಚಿನ ಮೇಲೆ ಒಬ್ಬಳೇ ಕುಳಿತಿದ್ದಳು.

"ನಾನು ಅಪ್ಪಂಗೆ ಹೇಳಬಾರದಿತ್ತು, ಅಲ್ವಾ ಅಕ್ಕ?"

"ಹೇಳಿದ್ದು ತಪ್ಪಲ್ಲಮ್ಮ," ಎಂದಳು ಇನ್ಸ್‌ಪೆಕ್ಟರ್.

ಹುಡುಗಿ ತಲೆಯಾಡಿಸಿದಳು. ಆದರೆ ನಂಬಿದಂತೆ ಕಾಣಲಿಲ್ಲ.