ಪೆರಿನಾ ಕಾಫಿ ಬಿಟ್ಟ ಎಂಟು ತಿಂಗಳು

"ಸುಳ್ಳು ಬೇಡ. ನನ್ನ ಆಟ ಮುಗೀತಾ?"

ಚಿಕಿತ್ಸೆಯ ಮೇಜಿನ ಮೇಲೆ ಮಲಗಿದ್ದ ಯೆರ್ಕೋ ಕೇಳಿದ. ಎರಡು ಮೀಟರ್ ಮೀರಿದ ಆಳು. ಪಾದಗಳು ಮೇಜಿನಾಚೆ ತೂಗುತ್ತಿದ್ದವು. ಜಾದರ್ ಊರಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅವನೇ ಕಂಬ. ಚೆಂಡಿಗೆ ಜಿಗಿದು ಮಂಡಿಯ ಲಿಗಮೆಂಟ್ ಹರಿದುಕೊಂಡಿದ್ದ. ಶಸ್ತ್ರಚಿಕಿತ್ಸೆ ಆಗಿ ವಾರವಾಗಿತ್ತು.

ತಂಡಕ್ಕೆ ಹೊಸದಾಗಿ ಬಂದ ಫಿಸಿಯೋಥೆರಪಿಸ್ಟ್ ಪೆರಿನಾ ಆ ಮಂಡಿಯ ಮೇಲೆ ಅಂಗೈಯಿಟ್ಟಳು. ಅದರ ಬಿಸಿ ತನ್ನ ಎದೆಯವರೆಗೂ ಏಕೆ ಏರಿತೋ ಅವಳಿಗೇ ತಿಳಿಯಲಿಲ್ಲ.

"ಎಂಟು ತಿಂಗಳು ನನ್ನ ಮಾತು ಕೇಳಿದ್ರೆ ಮುಗಿಯಲ್ಲ. ಕೇಳದಿದ್ರೆ ಇವತ್ತೇ ಮುಗೀತು ಅಂದ್ಕೊಳ್ಳಿ."

"ಇದು ಬೈಗುಳಾನಾ, ಭರವಸೆನಾ?"

"ಎರಡೂ. ಕಾಲು ಮಡಚಿ."

ಅಂದು ಅಕ್ಟೋಬರ್‌ನ ಸಂತ ಶಿಮೆಯ ಹಬ್ಬ. ಸಂತನ ಪಾರ್ಥಿವ ಶರೀರವಿರುವ, ವರ್ಷಕ್ಕೊಮ್ಮೆ ತೆರೆಯುವ ಬೆಳ್ಳಿ ಪೆಟ್ಟಿಗೆಯ ಮುಂದೆ ಊರೇ ಸಾಲುಗಟ್ಟಿತ್ತು. ಪೆರಿನಾ ಮಂಡಿಯೂರಿ ಹರಕೆ ಹೊತ್ತಳು: ಅವನು ಮತ್ತೆ ಕೊನೆಯ ಸೀಟಿಯವರೆಗೂ ಒಂದು ಪಂದ್ಯ ಆಡುವ ತನಕ ತಾನು ಕಾಫಿ ಮುಟ್ಟುವುದಿಲ್ಲ. ದಿನಕ್ಕೆ ಐದು ಲೋಟ ಕುಡಿಯುವವಳು! ತೀರುವ ಮೊದಲು ಹರಕೆಯನ್ನು ಬಾಯಿಬಿಟ್ಟು ಹೇಳಬಾರದೆಂದು ಅಜ್ಜಿ ಕಲಿಸಿದ್ದಳು.

ಕಷ್ಟ ಶುರುವಾದದ್ದು ಚಳಿಗಾಲದಲ್ಲಿ. ಯೆರ್ಕೋ ಊರುಗೋಲು ಬಿಟ್ಟ ದಿನ ಕೇಳಿದ, "ಕಾಫಿಗೆ ಹೋಗೋಣ್ವಾ?"

"ಇಲ್ಲ... ಬೇಡ." ಜೊತೆಗೆ ಹೋಗಿ ಕಾಫಿ ಕುಡಿಯದೆ ಕೂತರೆ ಕಾರಣ ಹೇಳಬೇಕಾಗುತ್ತಿತ್ತು.

ಮೊದಲ ಬಾರಿ ಓಡಿದ ದಿನ ಮತ್ತೆ ಕೇಳಿದ. ಬೇಡ. ಈಸ್ಟರ್ ಮರುದಿನ, ಬಿಳಿ ಅಂಗಿ ತೊಟ್ಟು ಬಂದು ಕೇಳಿದ. ಆಗಲೂ ಬೇಡ.

ಕಡಲ ದಂಡೆಯ ಕಾಫಿ ಅಂಗಡಿಯ ಬೆಪೋ ಮಾಮ ಅವಳನ್ನು ಅಡ್ಡಗಟ್ಟಿದ. "ಏನಮ್ಮಾ, ನಮ್ಮೂರಲ್ಲಿ ಜಗಳ ಆಡ್ದೋರ ಜೊತೆಗೂ ಕಾಫಿ ಕುಡೀತಾರೆ. ಮೂರು ಸಲ ಬೇಡ ಅಂದ್ರೆ ಗಂಡಸು ಏನಂತ ತಿಳ್ಕೋಬೇಕು? ಇದರ ಬದಲು ಕೆನ್ನೆಗೆ ಹೊಡೆದಿದ್ರೆ ವಾಸಿ ಇತ್ತು."

ಅವಳು ತಲೆ ತಗ್ಗಿಸಿ ನಡೆದಳು. 'ಶಿಮೆ ತಂದೆ, ನಾಲಿಗೆ ಕಟ್ಟಿ ಹಾಕಿದ್ದೀಯ... ಅವನ ಮನಸ್ಸನ್ನಾದರೂ ಕಾಯಿ.'

ಯೆರ್ಕೋ ಮತ್ತೆ ಕೇಳಲಿಲ್ಲ. ಲಿಥುವೇನಿಯಾದ ತಂಡವೊಂದು ಅವನನ್ನು ಕರೆದಿದೆ, ಜೂನ್‌ನ ಕೊನೆಯ ಪಂದ್ಯ ಮುಗಿಸಿ ಸಹಿ ಹಾಕುತ್ತಾನೆ ಎಂಬ ಸುದ್ದಿ ಮಾತ್ರ ಬಂತು.

ಆ ಕೊನೆಯ ಪಂದ್ಯದ ಭಾನುವಾರ ಮಧ್ಯಾಹ್ನ ಯೆರ್ಕೋ ವಿಶ್ರಾಂತಿಗೆಂದು ಒಮ್ಮೆಯೂ ಬೆಂಚಿಗೆ ಬರಲಿಲ್ಲ. ಆಟ ಮುಗಿಯಲು ಒಂದೇ ನಿಮಿಷವಿದ್ದಾಗ, ಜಿಗಿದವನು ದೊಪ್ಪನೆ ಬಿದ್ದ. ಪೆರಿನಾ ಓಡಿದಳು. ಮಂಡಿ ಒತ್ತಿದಳು, ತಿರುಗಿಸಿದಳು.

"ಇವತ್ತೂ ಸುಳ್ಳು ಹೇಳಬೇಡಿ," ಎಂದ ಅವನು, ಅವಳ ಮುಖ ನೋಡದೆ.

ಕೀಲು ಗಟ್ಟಿಯಾಗಿತ್ತು. ಚರ್ಮ ಮಾತ್ರ ತರಚಿತ್ತು.

"ಏಳು. ಆಡು."

ಮೊದಲ ಬಾರಿಗೆ ಅವನನ್ನು 'ನೀನು' ಎಂದಿದ್ದಳು. ಅವನು ಎದ್ದ. ಕೊನೆಯ ಸೀಟಿ ಊದಿದಾಗ ಜಾದರ್ ಒಂದು ಅಂಕದಿಂದ ಸೋತಿತ್ತು. ಅಭಿಮಾನಿಗಳು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ಪೆರಿನಾ ಒಬ್ಬಳೇ ಕಣ್ಣೀರು ಒರೆಸಿಕೊಳ್ಳುತ್ತಾ ನಗುತ್ತಿದ್ದಳು.

"ಸೋತಿದ್ದೀವಿ. ನಿಮಗೆ ನಗು," ಎಂದ ಯೆರ್ಕೋ, ಬೆವರು ಒರೆಸುತ್ತಾ.

"ಕಾಫಿ ಕುಡಿಯೋಣ ಬಾ."

ಯೆರ್ಕೋ ಬೆವರು ಒರೆಸುವುದನ್ನೇ ನಿಲ್ಲಿಸಿದ. "ನನ್ನ ಮೇಲೆ ಕನಿಕರನಾ?"

"ಹರಕೆ ಕಣೋ! ನೀನು ಪೂರ್ತಿ ಆಟ ಆಡೋವರೆಗೂ ಕಾಫಿ ಮುಟ್ಟಲ್ಲ ಅಂತ ಶಿಮೆ ಮುಂದೆ ಹರಕೆ ಹೊತ್ತಿದ್ದೆ. ಎಂಟು ತಿಂಗಳು... ಬರೀ ಗಿಡಮೂಲಿಕೆ ಕಷಾಯ."

ಅವನು ಅಂಗಳದ ನೆಲದ ಮೇಲೇ ಕುಸಿದು ಕುಳಿತ. ಎಷ್ಟೋ ತಿಂಗಳಿಂದ ಬಿಗಿಹಿಡಿದಿದ್ದ ಉಸಿರೆಲ್ಲ ಒಮ್ಮೆಲೇ ಹೊರಬಂತು. "ನನಗೆ ಅರ್ಧ ಕೂದಲು ಬೆಳ್ಳಗಾಯ್ತು, ಪೆರಿನಾ. ನಿನಗೆ ಬೇರೆ ಯಾರೋ ಇದ್ದಾರೆ ಅಂದ್ಕೊಂಡಿದ್ದೆ."

"ಇದ್ದಾನೆ. ಬೆವರು ನಾರ್ತಾ ಎದುರಿಗೇ ಕೂತಿದ್ದಾನೆ."

ಇಬ್ಬರೂ ನಕ್ಕರು. ಆಮೇಲೆ ಅವಳ ದನಿ ತಗ್ಗಿತು.

"ಸಹಿ ಹಾಕಿಬಿಟ್ಟೆಯಾ?"

"ಇಲ್ಲ. ನೀನು ತಡೀತೀಯೇನೋ ಅಂತ ದಿನಾ ಒಂದು ನೆಪ ಹೇಳ್ತಾ ಬಂದೆ."

"ಹೋಗಬೇಡ."

"ಇಷ್ಟೇನಾ?"

"ಇಷ್ಟು ಹೇಳೋಕೇ ಎಂಟು ತಿಂಗಳು ಕಾದಿದ್ದೀನಿ," ಎಂದು ಪೆರಿನಾ ಅವನೆಡೆಗೆ ಕೈ ಚಾಚಿದಳು.