ಉಪ್ಪು ಬಿಟ್ಟ ರಾಜ್ಯ

ಬಹಳ ಹಿಂದೆ, ಏಳು ಬೋಳುಗುಡ್ಡಗಳ ಆಚೆ, ಬಿಳಿಮಟ್ಟಿ ಎಂಬ ರಾಜ್ಯವಿತ್ತು. ಅಲ್ಲಿಯ ಜನ ಸವುಳು ನೀರು ಕುದಿಸಿ ಉಪ್ಪು ತೆಗೆದು ಬದುಕುತ್ತಿದ್ದರು. ಅರಮನೆಯಲ್ಲಿ ಸಾವಾದರೆ ನಲವತ್ತು ದಿನ ಎಲ್ಲರೂ ಉಪ್ಪು ಬಿಡಬೇಕು, ಬಿಡದವರ ನಾಲಿಗೆ ಕತ್ತರಿಸಬೇಕು ಎಂಬ ಕಟ್ಟಳೆ ಇತ್ತು. ಊಟಕ್ಕೆ ಸೂತಕವಿತ್ತೇ ಹೊರತು ದುಡಿಮೆಗೆ ಇರಲಿಲ್ಲ. ಆ ದಿನಗಳಲ್ಲೂ ಜನ ಒಲೆಗಳ ಮುಂದೆ ಬೆವರು ಸುರಿಸುತ್ತಲೇ ಇದ್ದರು.

ಒಂದು ಕಡುಬೇಸಿಗೆಯಲ್ಲಿ ರಾಜಮಾತೆ ತೀರಿಕೊಂಡಳು. ಹನ್ನೊಂದನೆಯ ದಿನ ಜಂಬುಕನೆಂಬ ಮುದಿ ಮಾಂತ್ರಿಕ ಬಂದು, ಎಂದೂ ಬರಿದಾಗದ ಕೊಡವೊಂದನ್ನು ಅರಮನೆಯ ಬಾಗಿಲಲ್ಲಿಟ್ಟ. ಇದರ ನೀರು ಯಾರು ಹೆಚ್ಚು ಕುಡಿಯುತ್ತಾರೋ ಅವರಿಗೇ ಸತ್ತವಳ ಮೇಲೆ ಹೆಚ್ಚು ಪ್ರೀತಿ ಎಂದ. ರಾಜ ನಂಬಿದ. ರಾಜ ನಂಬಿದ ಮೇಲೆ ಕೇಳಬೇಕೆ? ಜನ ನಾ ಮುಂದು ತಾ ಮುಂದು ಎಂದು ಕುಡಿದರು.

ಮೊದಲು ತಲೆ ಸಿಡಿಯಿತು. ಆಮೇಲೆ ವಾಂತಿಯಾಯಿತು. ಆಮೇಲೆ ಮಾತು ತಪ್ಪಿ, ಮೈ ಸೆಟೆದು, ಒಬ್ಬೊಬ್ಬರೇ ಸತ್ತರು. ಕುಡಿದದ್ದು ಸಾಲದು, ಇನ್ನೂ ಕುಡಿಯಿರಿ ಎಂದ ಜಂಬುಕ. ಒಂದೊಂದು ಸಾವಿಗೂ ಅವನ ಒಂದೊಂದು ಬಿಳಿಕೂದಲು ಕಪ್ಪಾಗುತ್ತಿತ್ತು.

ಉಪ್ಪಿನ ಒಲೆ ಉರಿಸುವ ಕೆಂಚವ್ವನಿಗೆ ತನ್ನವರು ಎನ್ನಲು ತಂಗಿ ನೀಲವ್ವ ಒಬ್ಬಳೇ. ಒಂದು ಮುಂಜಾನೆ ನೀಲವ್ವ ಅವಳ ಮುಖ ನೋಡಿ, "ನೀ ಯಾರವ್ವಾ?" ಎಂದಳು. ತಂಗಿಯ ಬಳೆಗಳು ಊದಿದ ಕೈಯಲ್ಲಿ ಹೂತುಹೋಗಿದ್ದವು. ಕೆಂಚವ್ವನ ಎದೆ ಒಡೆಯಿತು. ನೆಟ್ಟಗೆ ಹೋಗಿ ಕೊಡದ ಮೇಲೆ ಕಲ್ಲು ಎತ್ತಿಹಾಕಿದಳು. ಕಲ್ಲು ಪುಡಿಯಾಯಿತು, ಕೊಡ ಹಾಗೆಯೇ ಇತ್ತು. ಜಂಬುಕ ನಕ್ಕ. ಕೊಡದೊಳಗೆ ಮೂರು ಮನೆಗಳಿವೆ, ಮೂರನ್ನೂ ಜೀವಸಹಿತ ದಾಟಿದರೆ ಕೊಡ ತಾನೇ ಒಡೆಯುತ್ತದೆ, ಸತ್ತರೆ ನಿನ್ನ ಉಸಿರೂ ನನಗೆ ಎಂದ. ಕೆಂಚವ್ವ ಕೊಡದೊಳಗೆ ಇಳಿದಳು.

ಮೊದಲನೆಯ ಮನೆ ಸುಡುವ ಬಯಲು. ಹೆಜ್ಜೆಹೆಜ್ಜೆಗೂ ನೀರಿನ ಗಡಿಗೆಗಳು. ನೀರು ಕೊಲ್ಲುವುದನ್ನು ಕಂಡ ಕೆಂಚವ್ವ ಒಂದು ಹನಿಯನ್ನೂ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಕಟ್ಟಿಗೆಯಾಯಿತು, ಕಣ್ಣು ಕತ್ತಲಿಟ್ಟಿತು. ಅಲ್ಲಿ ನಿಂತಿದ್ದ ಕತ್ತೆಯೊಂದು ಮಾತಾಡಿತು.

"ಮುಂಗೈ ತೊಗಲು ಚಿವುಟಿ ನೋಡು."

ಚಿವುಟಿದ ತೊಗಲು ಎದ್ದೇ ನಿಂತಿತು. ಉಚ್ಚೆ ಯಾವ ಬಣ್ಣ ಎಂದು ಕೇಳಿತು ಕತ್ತೆ. ಕಾಕಂಬಿಯಂಥ ಕಡುಗಂದು ಬಣ್ಣ ಎಂದಳು ಕೆಂಚವ್ವ.

"ನೀರಿಗಿ ಅಂಜಿ ನೀರಿಲ್ಲದ ಸಾಯ್ತೀಯಲ್ಲ ಹುಚ್ಚಿ. ಗುಟುಕು ಗುಟುಕು ಕುಡಿ."

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅನ್ನುತ್ತಾರೆ. ಕಸ್ತೂರಿ ಹೋಗಲಿ, ಅದಕ್ಕೆ ನೀರಡಿಕೆ ಗೊತ್ತಿತ್ತು. ಕೆಂಚವ್ವ ಕುಡಿದಳು, ಕಣ್ಣು ತಿಳಿಯಾಯಿತು, ಬಯಲು ದಾಟಿದಳು.

ಎರಡನೆಯ ಮನೆಯಲ್ಲಿ ತಣ್ಣನೆಯ ಮಳೆ. ಅವಳಿಗೆ ನೀರಡಿಕೆ ಇರಲಿಲ್ಲ. ಆದರೂ ನೀರು ನೀಲವ್ವನ ದನಿಯಲ್ಲಿ ಕರೆಯಿತು: ಅಕ್ಕಾ, ನನ್ನ ಹೆಸರಲ್ಲಿ ಒಂದು ಗುಟುಕು. ಅವಳು ಒಂದು ಕುಡಿದಳು. ಇನ್ನೊಂದು ಕುಡಿದಳು. ಹೊಟ್ಟೆ ಕುಲುಕಾಡಿತು, ಉಚ್ಚೆ ಮಳೆನೀರಿನ ಹಾಗೆ ಬಣ್ಣಗೆಟ್ಟಿತು, ತಲೆ ಸಿಡಿಯತೊಡಗಿತು. ಆಗ ಎಚ್ಚೆತ್ತಳು. "ನನ್ನ ಮ್ಯಾಲ ನಿನಗ ಜೀವ ಇಲ್ಲೇನು?" ಎಂದು ಆ ದನಿ ಅತ್ತಿತು. ಕೆಂಚವ್ವನೂ ಅತ್ತಳು, ಬಾಯಿ ಮಾತ್ರ ತೆರೆಯದೆ ಮಳೆ ದಾಟಿದಳು.

ಮೂರನೆಯ ಮನೆಯಲ್ಲಿ ಹನ್ನೆರಡು ಒಲೆಗಳು. ಒಂದೊಂದನ್ನೂ ನಂದಿಸಿ ದಾಟುವಷ್ಟರಲ್ಲಿ ಮೈಯೆಲ್ಲ ಬೆವರಾಗಿ, ಕಾಲು ಸೆಟೆದು ಬಿದ್ದಳು. ಎದುರಿಗೆ ಎರಡು ಬಟ್ಟಲು. ಒಂದರಲ್ಲಿ ಕೊಡದ ನೀರು, ಇನ್ನೊಂದರಲ್ಲಿ ಉಪ್ಪು ಹಾಕಿದ ಗಂಜಿ. ಆಚೆಗಿನ ಬಾಗಿಲು ಅರಮನೆಯ ಅಂಗಳಕ್ಕೆ ತೆರೆದಿತ್ತು. ರಾಜ, ಜನ, ಕತ್ತಿ ಹಿಡಿದ ಆಳು ಎಲ್ಲರೂ ನೋಡುತ್ತಿದ್ದರು.

ಕೆಂಚವ್ವ ತೆವಳುತ್ತ ಹೋಗಿ ಗಂಜಿಯ ಬಟ್ಟಲು ಎತ್ತಿದಳು.

"ಉಪ್ಪು ಸತ್ತಾಕಿಗಿ ಬ್ಯಾಡ, ಮಹಾರಾಜ. ಬೆವರು ಸುರಿಸೋರಿಗಿ ಬೇಕು," ಎಂದು ಕುಡಿದುಬಿಟ್ಟಳು.

ಆಳು ರಾಜನತ್ತ ನೋಡಿದ. ಕಟ್ಟಳೆ ಹೇಳಲು ಬಾಯಿ ತೆರೆದ ರಾಜ ಊದಿದ ತುಟಿಯಲ್ಲಿ ತಡವರಿಸಿ, ಇದು ಯಾರ ಸೂತಕ ಎಂದು ಕೇಳಿದ. ತಾಯಿಯ ಸೂತಕ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಆಳಿನ ಕೈಯಿಂದ ಕತ್ತಿ ಜಾರಿತು. ಕೆಂಚವ್ವ ಎದ್ದು ಬಾಗಿಲು ದಾಟಿದಳು, ಕೊಡ ಒಡೆಯಿತು. ಜಂಬುಕನ ಕೂದಲೆಲ್ಲ ಬೆಳ್ಳಗಾಗಿ ಉದುರಿ, ಅವನು ನಿಂತಲ್ಲೇ ಬೂದಿಯಾದ. ಸತ್ತವರು ಯಾರೂ ಏಳಲಿಲ್ಲ.

ಕೆಂಚವ್ವ ಮನೆಗೆ ಓಡಿದಳು. ತಂಗಿಗೆ ನೀರು ನಿಲ್ಲಿಸಿ, ಉಪ್ಪಿನ ಗಂಜಿಯನ್ನು ತೊಟ್ಟು ತೊಟ್ಟಾಗಿ ನೆಕ್ಕಿಸಿದಳು. ಮೂರನೆಯ ದಿನ ನೀಲವ್ವ ಕಣ್ಣು ಬಿಟ್ಟು ಅವಳನ್ನು ಗುರುತಿಸಿದಳು.

"ಅಕ್ಕಾ, ನೀರಡಿಕಿ ಆಗೇದ."

ಕೆಂಚವ್ವ ಅವಳ ನಾಲಿಗೆ ಚಾಚಿಸಿ ನೋಡಿದಳು, ಒಣಗಿತ್ತು. ಅರ್ಧ ಬಟ್ಟಲು ನೀರು ಹಾಕಿ ತುಟಿಗೆ ಹಿಡಿದಳು. ನೀಲವ್ವ ಕುಡಿಯುವಷ್ಟು ಹೊತ್ತೂ ಕೆಂಚವ್ವ ಉಸಿರು ಬಿಗಿಹಿಡಿದಿದ್ದಳು.

"ಸಾಕು," ಎಂದು ನೀಲವ್ವ ತಾನೇ ಬಟ್ಟಲು ಸರಿಸಿದಳು. ಆಗ ಕೆಂಚವ್ವ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು.

ಬಿಳಿಮಟ್ಟಿಯಲ್ಲಿ ಉಳಿದವರು ಸುಖವಾಗಿ ಬಾಳಿದರು. ಉಳಿದದ್ದು ಅರ್ಧ ಊರು.